ಗಂಧ ತಿಂದ ಮೀಟರು

ಮಾಗಡಿ ಬಸ್ಸಿನ ನನ್ನ ಡ್ರೈವರ್ ಮಾವನಿಗೆ,

ಅಬ್ಬಬ್ಬಾ, ಎಲ್ಲಿಂದ ಶುರು ಮಾಡಲಿ ಮಾವ! ನೀನು ಹೋಗಿ ವರ್ಷ ತುಂಬಿಲ್ಲ, ಆಗಲೇ ನಿನಗೆ ಹೇಳಲೇಬೇಕಾದ ಸುದ್ದಿಯೊಂದು ಹುಟ್ಟಿದೆ. ಅತ್ತೆಗೆ ಹೇಳಿದೆ. ಒಲೆಗೆ ಮೆಣಸಿನಕಾಯಿ ಹಾಕಿ ದೃಷ್ಟಿ ತೆಗೆದಳು. ನೀನಾಗಿದ್ದರೆ ತೊಡೆ ತಟ್ಟಿಕೊಂಡು ನಗುತ್ತಿದ್ದೆ.

ನೆನಪಿದೆಯಾ, ಬೈರಮಂಗಲದ ನಮ್ಮ ರಾಗಿ ಹೊಲ ಫ್ಯಾಕ್ಟರಿಗೆ ಹೋಗಿ ಪರಿಹಾರದ ದುಡ್ಡು ಬಂದಾಗ ಮನೆಯಲ್ಲಿ ಎಲ್ಲರೂ ಒಂದೇ ರಾಗ ಎಳೆದಿದ್ದು? ಸೈಟು ತಗೊಳ್ಳಿ, ಸೈಟು ತಗೊಳ್ಳಿ. ವಿಮಾನ ಓಡಿಸುವುದನ್ನು ಕಲಿಯುತ್ತೇನೆ ಅಂದ ನನ್ನನ್ನು ಅಪ್ಪ ಹುಚ್ಚು ಹಿಡಿದವಳನ್ನು ನೋಡುವ ಹಾಗೆ ನೋಡಿದರು. ನೀನೊಬ್ಬನೇ, "ಸೈಟ್ ಎಲ್ಲೋಯ್ತದೆ ಬುಡಿ ಭಾವ, ಮಗ ಹಾರ್ಲಿ. ಮೊದಲ್ನೇ ಟಿಕೆಟ್ ನಂದೇ ಕಣವ್ವ!" ಅಂದೆ. ಆ ಟಿಕೆಟ್ಟಿಗಾಗಿಯೇ ನಾನು ಹಟ ಹಿಡಿದು ಓದಿದ್ದು. ನೀನು ನೋಡಿದರೆ... ಇರಲಿ, ಇವತ್ತು ಅಳುವುದಿಲ್ಲ.

ಆಯುಧಪೂಜೆಯ ದಿನ ನೀನು ಬಸ್ಸು ಸಿಂಗರಿಸುತ್ತಿದ್ದ ಚಂದವೇ ಚಂದ. ಸ್ಟೇರಿಂಗು, ಗೇರು, ಹಾರನ್ನು, ಕೊನೆಗೆ ಸೈಲೆನ್ಸರ್‌ಗೂ ಗಂಧ ಹಚ್ಚಿ, "ಒಂದ್ನೂ ಬುಡಬಾರ್ದು, ಬುಟ್ರೆ ಮುನಿಸ್ಕೊಂಡು ದಾರೀಲಿ ಕೈ ಕೊಡ್ತದೆ" ಅನ್ನುತ್ತಿದ್ದೆ. ಈ ಸಲ ನಮ್ಮ ಟ್ರೈನಿಂಗ್ ಮೈದಾನದಲ್ಲೂ ಪೂಜೆ. ಎರಡೇ ಸೀಟಿನ ನನ್ನ ಪುಟ್ಟ ವಿಮಾನಕ್ಕೆ ನಾನೇ ಪೂಜಾರಿ. ಪ್ರೊಪೆಲ್ಲರ್‌ಗೆ ಹಚ್ಚಿದೆ, ಚಕ್ರಕ್ಕೆ ಹಚ್ಚಿದೆ, ರೆಕ್ಕೆಯ ಕೆಳಗಿರುವ ಬೆರಳಿನ ಗಾತ್ರದ ಕೊಳವೆಗೂ ಧಾರಾಳವಾಗಿ ಮೆತ್ತಿದೆ. ಆ ಕೊಳವೆಯೊಳಗೆ ನುಗ್ಗುವ ಗಾಳಿಯಿಂದಲೇ ಮೀಟರು ವಿಮಾನದ ವೇಗ ತೋರಿಸುವುದು. ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆದರೆ ಗಂಧದ ಬಟ್ಟಲು ಕೈಗೆ ಬಂದರೆ ನಾನು ಪೈಲಟ್ ಅಲ್ಲ, ನಿನ್ನ ಅಕ್ಕನ ಮಗಳು!

ಹಬ್ಬ ಮುಗಿದ ಮೇಲೆ ನನ್ನ ಪರೀಕ್ಷೆಯ ಹಾರಾಟ. ಒಬ್ಬಳೇ ಮೈಸೂರಿಗೆ ಹೋಗಿ ಬಂದರೆ ಲೈಸೆನ್ಸು, ಲೈಸೆನ್ಸು ಇದ್ದರೆ ತಾನೇ ಪ್ಯಾಸೆಂಜರ್ರು. ಹೊರಡುವ ಮುಂಚೆ ಕೊಳವೆಯ ಮೇಲಿನ ಗಂಧ ಒರೆಸಿದೆ. ಒಳಗೆ ಒಣಗಿ ಕೂತಿದ್ದು ಕಣ್ಣಿಗೆ ಬೀಳಲಿಲ್ಲ. ಕೆಳಗೆ ಬಿಡದಿಯ ನೀಲಿ ತಗಡಿನ ಶೆಡ್ಡುಗಳು, ಬೈರಮಂಗಲದ ಕೆರೆ. ನಮ್ಮ ಹೊಲ ಯಾವ ಶೆಡ್ಡಿನ ಕೆಳಗಿದೆಯೋ ಗೊತ್ತಾಗಲಿಲ್ಲ. ರಾಮನಗರದ ಬಂಡೆ ದಾಟಿ, ಕೆಂಗಲ್ ಆಂಜನೇಯನಿಗೆ ಮೇಲಿನಿಂದಲೇ ನಮಸ್ಕಾರ ಹಾಕಿದೆ. ಅಷ್ಟರಲ್ಲಿ ವೇಗದ ಮುಳ್ಳು ನಡುಗಿತು, ಜಾರಿತು, ಸೊನ್ನೆಗೆ ಬಂದು ಕೂತುಬಿಟ್ಟಿತು!

ವಿಮಾನವೇನೋ ಚೆನ್ನಾಗಿಯೇ ಹಾರುತ್ತಿತ್ತು. ಆದರೆ ಇಳಿಸುವಾಗ? ವೇಗ ಕಡಿಮೆಯಾದರೆ ದೊಪ್ಪನೆ ಬೀಳುತ್ತದೆ, ಹೆಚ್ಚಾದರೆ ರನ್‌ವೇ ದಾಟಿ ಓಡುತ್ತದೆ. ರೇಡಿಯೋದಲ್ಲಿ ಹೇಳಿದೆ. "ವಾಪಸ್ ಬಾಮ್ಮ," ಅಂದರು ಕಲಿಸುವ ಸರ್. "ಮೀಟರ್ ಮರೆತುಬಿಡು. ಮೂತಿ ಎಲ್ಲಿದೆ, ಇಂಜಿನ್ ಎಷ್ಟು ಸುತ್ತುತ್ತಿದೆ, ಅಷ್ಟೇ ನೋಡು. ಹೇಳಿಕೊಟ್ಟಿದ್ದೀನಲ್ಲ?"

ಆಗ ನೆನಪಾಗಿದ್ದು ನಿನ್ನ ಬಸ್ಸಿನ ಮೀಟರು. ಡ್ರೈವರ್ ಸೀಟಿನ ಪಕ್ಕ, ಬಿಸಿ ಬಾನೆಟ್ಟಿನ ಮೇಲೆ ಕೂತು ನಾನು ಕೇಳಿದ್ದೆ: "ಮಾವ, ಮುಳ್ಳು ಸತ್ತೋಗೈತಲ್ಲ, ಸ್ಪೀಡ್ ಹೆಂಗೆ ಗೊತ್ತಾಯ್ತದೆ?" ನೀನು ನಕ್ಕು, "ಮುಳ್ಳು ತಾನೆ ಸತ್ತಿರದು, ಇಂಜಿನ್ ಬದುಕೈತಲ್ಲ! ಒಸಿ ಸದ್ದು ಕೇಳವ್ವ" ಅಂದಿದ್ದೆ.

ಕೇಳಿದೆ ಮಾವ! ದಾರಿಯುದ್ದಕ್ಕೂ ನಿನ್ನ ಜೊತೆ ಜೋರಾಗಿ ಮಾತಾಡುತ್ತಲೇ ಬಂದೆ. ಗಾಳಿಯ ಸದ್ದು ಇಳಿದರೆ ಮೂತಿ ಒಸಿ ಕೆಳಗೆ, ಏರಿದರೆ ಒಸಿ ಮೇಲೆ. ರನ್‌ವೇ ಹತ್ತಿರ ಬಂತು, ಬಂತು, ಬಂತು... ಚಕ್ರ ನೆಲ ಮುಟ್ಟಿತು. ಒಂದು ಸಲ ಪುಟಿಯಿತು, ಸುಳ್ಳೇಕೆ ಹೇಳಲಿ. ನಿಂತ ಮೇಲೆ ಹೋ ಅಂತ ಕಿರುಚಿಬಿಟ್ಟೆ. ರೇಡಿಯೋ ಇನ್ನೂ ಆನ್ ಇತ್ತಂತೆ, ಮೈದಾನಕ್ಕೆಲ್ಲ ಕೇಳಿಸಿದೆ.

ಸರ್ ಕೊಳವೆ ಬಿಚ್ಚಿಸಿದರು. ಒಳಗೆ ಒಣಗಿದ್ದು ಗಾಳಿಗೆ ಕಳಚಿ ದಾರಿ ಮುಚ್ಚಿತ್ತು, ಬಾಯಿ ತುಂಬ ಗಂಧ! ಮೂಸಿ ನೋಡಿ, "ಇಳಿಸಿದ್ದು ಫಸ್ಟ್ ಕ್ಲಾಸು. ಪೂಜೆ ಮಾತ್ರ ಇನ್ನು ಮೇಲೆ ದೂರದಿಂದ ಮಾಡಮ್ಮ" ಅಂದರು. ನೋಡಿದೆಯಾ ಮಾವ, ರೋಗವೂ ನಿಂದೇ, ಮದ್ದೂ ನಿಂದೇ. ನಿನ್ನನ್ನು ಬೈಯಲಾ, ಕಾಲಿಗೆ ಬೀಳಲಾ?

ಆಮೇಲೆ ಮತ್ತೊಂದು ದಿನ ಮೈಸೂರು ಮುಟ್ಟಿ ಬಂದೆ. ಲೈಸೆನ್ಸು ಬಂದಿದೆ ಮಾವ! ನಾಳೆ ಬೆಳಿಗ್ಗೆ ಪಕ್ಕದ ಸೀಟಿನಲ್ಲಿ ಅತ್ತೆ. ಹೆದರಿಕೆ ಇಲ್ಲವಾ ಅಂದರೆ, "ಮುಳ್ಳಿಲ್ಲದ ಬಸ್ಸಿನೋರ ಜೊತೇಲೇ ಸಂಸಾರ ಮಾಡಿವ್ನಿ, ನಂಗ್ಯಾವ ಭಯ?" ಅಂದಳು. ನಿನ್ನ ಕೆಂಪು ಟವಲ್ಲನ್ನು ಒಗೆದು ಮಡಿಸಿಟ್ಟಿದ್ದಾಳೆ. ಇದ್ಯಾಕೆ ಅತ್ತೆ ಅಂದೆ.

"ಟಿಕೆಟ್ ನಿಮ್ಮಾವಂದೇ ಕಣವ್ವ. ನಾನು ಟವಲ್ ಹಾಕಿ ಸೀಟ್ ಹಿಡ್ದಿರ್ತೀನಿ, ಅಷ್ಟೇಯ."

ಹತ್ತಿಕೋ ಮಾವ.

ನಿನ್ನ,
ಪುಟ್ಟಿ