ನೀವು ಫುಲ್‌ಸ್ಟಾಪ್ ಅಂದ ಮೇಲೂ

ಗುರುವಾರ, ಊಟದ ಬಿಡುವು

ಪ್ರೀತಿಯ ಮೇಡಂ,

ಇಲ್ಲ ಮೇಡಂ, ನಿಮಗೆ ಮರೆವು ಬಂದಿಲ್ಲ. ಬೆಳಗ್ಗೆಯೇ ಈ ಮಾತು ಬಾಯಿಗೆ ಬಂದಿತ್ತು. ನುಂಗಿಕೊಂಡು, ನೀವು ಹೇಳಿ ಬರೆಸಿದ ಪತ್ರವನ್ನು ತೆಪ್ಪಗೆ ಶಾರ್ಟ್‌ಹ್ಯಾಂಡಿನಲ್ಲಿ ಬರೆದುಕೊಂಡೆ: ಮೇಲಿನ ಕೋರ್ಟಿನ ಹುದ್ದೆಗೆ ನನ್ನ ಹೆಸರನ್ನು ಪರಿಗಣಿಸಬಾರದು, ಫುಲ್‌ಸ್ಟಾಪ್. ಇಪ್ಪತ್ತೆರಡು ವರ್ಷ ಕೆಳಗಿನ ಕೋರ್ಟಿನಲ್ಲಿ ದುಡಿದವರು ಸೋಮವಾರದ ಸಂದರ್ಶನಕ್ಕೇ ಹೋಗುವುದಿಲ್ಲ ಎನ್ನುತ್ತಿದ್ದೀರಿ. ಅದೂ ನನ್ನಿಂದ.

ಆ ಕಿಟಕಿ ಕೇಸು. ಟೈಲರ್ ಅಕ್ಕನ ಮೆಷಿನ್ ಪಕ್ಕದ ಕಿಟಕಿಗೆ ನೆರೆಮನೆಯವರು ಅಡ್ಡ ಗೋಡೆ ಕಟ್ಟಿದ್ದರು. ಮೂವತ್ತು ವರ್ಷದಿಂದ ಬರುತ್ತಿದ್ದ ಬೆಳಕು ಅವಳ ಹಕ್ಕು, ಗೋಡೆ ಒಡೆಯಬೇಕು ಎಂದು ತೀರ್ಪು ಬರೆಸಿ ನೀವು ಫುಲ್‌ಸ್ಟಾಪ್ ಅಂದಿರಿ. ನಾನು ನಿಲ್ಲಲಿಲ್ಲ. ಟೈಪ್ ಮಾಡುವಾಗ ನನ್ನದೊಂದು ಸಾಲು ಸೇರಿಸಿದೆ: ಗೋಡೆಗೆ ಒಡೆಯರಿರಬಹುದು, ಬೆಳಕಿಗೆ ಒಡೆಯರಿಲ್ಲ.

ಯಾಕೆ ಅಂದರೆ, ನಮ್ಮ ಸ್ಟೆನೋಗಳ ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬ, ನಿಮ್ಮ ಮೇಡಂ ತೀರ್ಪಿಗೆ ಉಪ್ಪೂ ಇಲ್ಲ ಖಾರವೂ ಇಲ್ಲ ಎಂದು ಹಾಕಿದ್ದ. ನಾಲ್ಕು ದಿನ ಅವನ ಜೊತೆ ಜಗಳವಾಡಿದ್ದೆ. ಆ ಸಾಲು ಹೊರಬಿದ್ದ ದಿನ ಮುನ್ನೂರು ಹಾರ್ಟು ಬಂದವು ಮೇಡಂ. ರೆಕಾರ್ಡ್ ರೂಮಿನ ಕಪಾಟಿನ ಹಿಂದೆ ನಿಂತು ಒಂದೊಂದಾಗಿ ನೋಡಿದೆ.

ಎದುರು ಪಕ್ಷದ ವಕೀಲರೂ ನೋಡಿದರು. ಬೆಳಕಿಗೆ ಒಡೆಯರೇ ಇಲ್ಲ ಎಂದು ನ್ಯಾಯಾಧೀಶರೇ ಬರೆದ ಮೇಲೆ ಈಕೆಗೆ ಎಲ್ಲಿಯ ಹಕ್ಕು ಎಂದು ಅಪೀಲು ಹಾಕಿದರು. ತಡೆಯಾಜ್ಞೆಯೂ ಸಿಕ್ಕಿತು. ಗೋಡೆ ಹಾಗೇ ನಿಂತಿದೆ. ಟೈಲರ್ ಅಕ್ಕ ಹಾಡಹಗಲಲ್ಲಿ ಬಲ್ಬು ಹಾಕಿಕೊಂಡು ಸೂಜಿಗೆ ದಾರ ಪೋಣಿಸುತ್ತಾಳೆ.

ಅಪೀಲಿನ ಪ್ರತಿ ಬಂದ ದಿನ ಕನ್ನಡಕ ಒರೆಸಿಕೊಂಡು ಎರಡು ಸಲ ಓದಿ, ನೀವಿಟ್ಟ ಅಡ್ಡಹೆಸರಿನಿಂದಲೇ ಕರೆದು ನನ್ನ ಕಡೆ ತಿರುಗಿದಿರಿ. "ಏನಮ್ಮಾ ಫುಲ್‌ಸ್ಟಾಪ್, ಇದನ್ನ ನಾನೇ ಹೇಳಿದ್ನಾ?"

"ಹೌದು ಮೇಡಂ, ನೀವೇ ಹೇಳಿದ್ದು," ಅಂದೆ.

ನೀವು ನಿಮ್ಮನ್ನು ಬಿಟ್ಟು ನನ್ನನ್ನು ನಂಬಿದಿರಿ. ಆಮೇಲಿಂದ ಮೇಜಿನ ಗಾಜಿನ ಕೆಳಗೆ ಚೀಟಿಗಳು ಶುರುವಾದವು: ಕೀಲಿ ಎಲ್ಲಿದೆ, ಗುಮಾಸ್ತರ ಮಗಳ ಹೆಸರೇನು. ಕಳೆದ ವಾರ ನಿಮ್ಮ ತಂಗಿ ಫೋನ್ ಮಾಡಿ, ಅಕ್ಕನಿಗೆ ಡಾಕ್ಟರ ಹತ್ತಿರ ಹೋಗುವುದನ್ನು ನೆನಪಿಸು ಅಂದರು. ಆಮೇಲೆ ದನಿ ಇಳಿಸಿ, "ನಮ್ಮಮ್ಮಂಗೂ ಹೀಗೇ ಶುರುವಾಗಿದ್ದು ಕಣಮ್ಮ," ಅಂದರು. ಆಮೇಲೆ ನಿಜ ಬರೆದು ನಿಮಗೆ ಮೆಸೇಜ್ ಕಳಿಸುವುದು, ನೀವು ಓದುವ ಮೊದಲೇ ಅಳಿಸುವುದು, ಇಷ್ಟೇ ಮಾಡಿದೆ. ಅಳಿಸಿದ್ದು ನಿಮ್ಮ ಫೋನಿನಲ್ಲೂ ಕಂಡಿರುತ್ತದೆ. ನೀವು ಕೇಳಲಿಲ್ಲ. ಬಹುಶಃ ಅದನ್ನೂ ಓದಿ ಮರೆತಿದ್ದೀರಿ ಎಂದುಕೊಂಡಿರಿ.

ಶಾರ್ಟ್‌ಹ್ಯಾಂಡ್ ಪುಸ್ತಕ ಇದರ ಜೊತೆಗಿದೆ, ಕಿಟಕಿ ತೀರ್ಪು ಬರೆದುಕೊಂಡ ಪುಟ ಮಡಚಿದ್ದೇನೆ. ಆ ಸಾಲು ಅದರಲ್ಲಿಲ್ಲ. ಸಂದರ್ಶನ ಮಾಡುವವರಿಗೆ ತೋರಿಸಿ. ನನ್ನ ಕೆಲಸ ಹೋದರೆ ಹೋಗಲಿ. ಕ್ಷಮಿಸಿ ಎನ್ನುವ ಮುಖ ನನಗಿಲ್ಲ.

ನಿಲ್ಲಲು ಬಾರದ,
ನಿಮ್ಮ ಫುಲ್‌ಸ್ಟಾಪ್

ಮರೆತಿದ್ದಲ್ಲ, ಹೇಳಲು ಹೆದರಿದ್ದು: ಈ ಪತ್ರವನ್ನು ಸಹಿಯ ಫೈಲಿನಲ್ಲಿ ಹುದ್ದೆ ಬೇಡವೆಂಬ ನಿಮ್ಮ ಆ ಪತ್ರದ ಮೇಲೆಯೇ ಇಟ್ಟಿದ್ದೇನೆ. ಕಿಟಕಿ ತೀರ್ಪಿನ ಏಳೂ ಪುಟಕ್ಕೆ, ನೀನು ಟೈಪ್ ಮಾಡಿದ್ದು ತಾನೆ ಎಂದು, ಓದದೇ ಸಹಿ ಹಾಕಿದಿರಿ. ಪುಸ್ತಕ ತೋರಿಸಿದರೆ ಅದನ್ನೂ ಹೇಳಬೇಕಾಗುತ್ತದೆ. ನನ್ನದು ನಾನು ಹೇಳಿಯಾಯಿತು ಮೇಡಂ. ನಿಮ್ಮದು ನೀವು ಹೇಳ್ತೀರಾ?