ಹೆಸರು ಹೇಳುವ ಸರದಿ

ತಕಾದಾ
ಫೆಬ್ರವರಿ ೧೮

ಪ್ರೀತಿಯ ನಾಹೋ,

ಮಾಡಿನ ಮೇಲಿನ ಹಿಮ ಇನ್ನೂ ಇಳಿದಿಲ್ಲ. ಹಿತ್ತಲಿನ ಪ್ಲಮ್ ಗಿಡ ಮಾತ್ರ ಯಾರನ್ನೂ ಕೇಳದೆ ನಾಲ್ಕಾರು ಮೊಗ್ಗು ಬಿಟ್ಟು ಕೂತಿದೆ. ಹಾಕೊದಾತೆಯಲ್ಲಿ ಸಮುದ್ರದ ಗಾಳಿ ಹೇಗಿದೆ? ಅಳಿಯಂದಿರ ಸೊಂಟನೋವು ಇಳಿಯಿತೇ? ನೀನು ಕಳಿಸಿದ ಒಣಮೀನು ತಲುಪಿತು. ಹಲ್ಲು ಮೊದಲಿನ ಹಾಗಿಲ್ಲ, ಸಣ್ಣಗೆ ಹರಿದು ಕೆಂಡಕ್ಕೆ ಹಿಡಿದು ತಿನ್ನುತ್ತಿದ್ದೇನೆ.

ಇಷ್ಟು ದಿನ ಉತ್ತರ ಬರೆಯದೆ ಕೂತಿದ್ದಕ್ಕೆ ಕ್ಷಮಿಸು. ಹೊಸವರ್ಷದ ಕಾರ್ಡಿನಲ್ಲಿ ನೀನು ‘ಅಪ್ಪ, ನನ್ನ ಕವಿತೆಯನ್ನು ಯಾರಾದರೂ ಆರಿಸಿದರಾ?’ ಎಂದು ಕೇಳಿದ್ದೆ. ಆಮೇಲೆ ಫೋನಿನಲ್ಲೂ ಕೇಳಿದೆ. ನಾನು ಹಿಮ ತೆಗೆಯುವ ಯಂತ್ರ ಕೆಟ್ಟ ಕಥೆ ಶುರುಮಾಡಿದೆ. ಯಂತ್ರ ಕೆಟ್ಟಿರಲಿಲ್ಲ.

ಆರಿಸಿದರು, ನಾಹೋ. ಕೂಟದಲ್ಲಿದ್ದವರೆಲ್ಲ ಅದನ್ನೇ ಆರಿಸಿದರು. ಆದರೆ ಅದು ನಿನ್ನದೆಂದು ನಾನು ಹೇಳಲಿಲ್ಲ. ನನ್ನದೆಂದು ಹೇಳಿದೆ.

ಈ ಸಾಲು ಬರೆದು ಎದ್ದು ಹೋಗಿ ಚಹಾ ಮಾಡಿಕೊಂಡು ಬಂದೆ. ಈಗ ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ನಡುವೆ ಹಾದಿ ತಪ್ಪಿದರೆ ಸಹಿಸಿಕೋ. ‘ನಿಮ್ಮನ್ನ ಪೇಟೆಗೆ ಕಳಿಸಿದ್ರೆ ನದಿ ಸುತ್ತಿ ಬರ್ತೀರಿ’ ಎಂದು ನಿಮ್ಮಮ್ಮ ಅನ್ನುತ್ತಿದ್ದಳಲ್ಲ.

ನೀನು ನಮ್ಮ ಕವಿಕೂಟಕ್ಕೆ ಬಂದವಳಲ್ಲ, ಅಲ್ಲಿಯ ಕ್ರಮ ನಿನಗೆ ಗೊತ್ತಿಲ್ಲ. ಎಲ್ಲರೂ ತಮ್ಮ ಕವಿತೆಯನ್ನು ಹೆಸರಿಲ್ಲದ ಚೀಟಿಯಲ್ಲಿ ಬರೆದು ತಂದು ತಟ್ಟೆಗೆ ಹಾಕುತ್ತೇವೆ. ಚೀಟಿಗಳನ್ನು ಕಲಸಿ ಹಂಚುತ್ತಾರೆ. ಒಬ್ಬರ ಕವಿತೆಯನ್ನು ಇನ್ನೊಬ್ಬರು ತಮ್ಮ ಕೈಬರಹದಲ್ಲಿ ನಕಲು ಮಾಡುತ್ತಾರೆ, ಅಕ್ಷರ ನೋಡಿ ಯಾರದೆಂದು ಗುರುತು ಸಿಗಬಾರದಲ್ಲ. ಆಮೇಲೆ ಆರಿಸುವುದು, ಗಟ್ಟಿಯಾಗಿ ಓದುವುದು. ತನ್ನ ಕವಿತೆ ಕೇಳಿಸಿದಾಗ ಬರೆದವರು ಕೂತಲ್ಲಿಂದಲೇ ಹೆಸರು ಹೇಳಬೇಕು. ನಾನಾದರೆ ತೊಕಿತಾ ಎಂಬ ಮನೆತನದ ಹೆಸರಲ್ಲ, ಕಿಯೊಹಾರು ಎಂಬ ಸ್ವಂತ ಹೆಸರು ಮಾತ್ರ. ಬಾರದವರ ಚೀಟಿ ತಂದವರಿದ್ದರೆ ಅವರ ಪರವಾಗಿ ಇವರು ಹೇಳಬೇಕು. ನಿನ್ನ ಚೀಟಿ ತಂದವನು ನಾನು.

ಡಿಸೆಂಬರಿನ ಕೂಟವನ್ನು ‘ಸುಮಿಯೆ ಸ್ಮರಣೆ’ ಎಂದು ನಿಮ್ಮಮ್ಮನ ನೆನಪಿಗಾಗಿ ಮಾಡಿದ್ದರು. ಅದೂ ಅಲ್ಲದೆ ಅಂದು ಆಯ್ಕೆಯಾದ ಕವಿತೆಯನ್ನು ನದಿದಂಡೆಯ ಸಾಹಿತ್ಯದ ಹಾದಿಯಲ್ಲಿ ಕೊನೆಯ ಕಲ್ಲಿನ ಮೇಲೆ ಕೆತ್ತಿಸುವುದೆಂದು ನಿಶ್ಚಯವಾಗಿತ್ತು. ಕೂಟದ ಹಿರಿಯರಾದ ಕುರಾಮೊಚಿ ಅಮ್ಮನವರು ಕನ್ನಡಕ ಏರಿಸಿಕೊಂಡು ನಿನ್ನದನ್ನು ಓದಿದರು:

ಚಳಿ ಮುಂಜಾನೆ
ತಾ ತೊಟ್ಟು ಬಿಸಿಮಾಡಿ
ಕೊಟ್ಟಳು ಕೋಟು

ತೋಫು ಅಂಗಡಿಯ ಇವಾಸೆ, ಯಾವ ಕವಿತೆ ಓದಿದರೂ ತೂಕಡಿಸುವವನು, ನೆಟ್ಟಗೆ ಕೂತು ಕಣ್ಣೊರೆಸಿಕೊಂಡ.

‘ಇದು ಸುಮಿಯೆ ಅಕ್ಕನೇ ಕಣ್ರೀ’ ಅಂದ. ‘ಬೆಳಿಗ್ಗೆ ತೋಫು ಕೊಡೋಕೆ ಹೋದಾಗ ಗಂಡಸರ ಕೋಟು ತೊಟ್ಕೊಂಡೇ ಹಿತ್ತಲ ಬಾಗ್ಲು ತೆಗೀತಿದ್ರು. ಮೊಣಕಾಲು ದಾಟಿ ಇಳೀತಿತ್ತು. ಪಾಪ, ಚಳಿ ಅಂತ ನಾನು ಅಂದ್ಕೊಂಡಿದ್ದೆ.’

ಎಲ್ಲರೂ ನನ್ನ ಕಡೆ ತಿರುಗಿದರು. ಕುರಾಮೊಚಿ ಅಮ್ಮನವರು, ‘ಹೆಸರು?’ ಅಂದರು.

ನಾಹೋ ಎನ್ನಲು ನಾನು ಬಾಯಿ ತೆರೆದಿದ್ದೆ, ಅದು ನಿಜ. ಆದರೆ ಇಷ್ಟು ವರ್ಷ ಆ ಕೋಣೆಯಲ್ಲಿ ನನ್ನ ಕವಿತೆಯನ್ನು ಯಾರೂ ಮೆಚ್ಚಿ ಆರಿಸಿದ್ದಿಲ್ಲ. ಆರಿಸಿದರೆ ಇವಾಸೆ, ಅದೂ ಕನಿಕರಕ್ಕೆ. ಅಂದು ಎಲ್ಲರ ಮುಖದಲ್ಲೂ ನನಗಾಗಿ ಒಂದು ಬೆಳಕಿತ್ತು. ಬಾಯಿಂದ ‘ಕಿಯೊಹಾರು’ ಎಂದು ಬಂತು. ನನ್ನ ದನಿ ಅಷ್ಟು ಸ್ಪಷ್ಟವಾಗಿ ಹೊರಟದ್ದು ನನಗೇ ಆಶ್ಚರ್ಯ.

ಕುರಾಮೊಚಿ ಅಮ್ಮನವರು ಇನ್ನೊಂದು ಮಾತು ಕೇಳಿದರು. ಅದಕ್ಕೂ ನಾನು ಉತ್ತರ ಕೊಟ್ಟೆ. ಅದನ್ನು ಈಗ ಬರೆಯಲಾರೆ.

ಆಮೇಲಿನದು ಕೇಳು. ಪೇಟೆಯಲ್ಲಿ ಜನ ನಿಂತು ನಮಸ್ಕರಿಸತೊಡಗಿದರು. ಔಷಧಿ ಅಂಗಡಿಯ ಹೆಂಗಸು ತನ್ನ ಗಂಡನಿಗೆ ‘ನೋಡಿ ಕಲೀರಿ’ ಅಂದಳು, ನನ್ನೆದುರಿಗೇ. ಕಲ್ಲುಕುಟಿಗ ಬಂದು ‘ಹೆಸರನ್ನ ನಿಮ್ಮ ಕೈಯಾರೆ ಬ್ರಶ್ಶಲ್ಲಿ ಬರ್ಕೊಡಿ, ಹಾಗೇ ಕೆತ್ತುತ್ತೀನಿ’ ಎಂದು ಕಾಗದ ಕೊಟ್ಟು ಹೋದ. ನಾನು ಬರೆದೆ. ಚೆನ್ನಾಗಿ ಬರಲಿಲ್ಲವೆಂದು ಮತ್ತೆ ಬರೆದೆ. ಅಂಥವನು ನಿನ್ನ ಅಪ್ಪ.

ಕಾಲೇಜಿನಲ್ಲಿ ನಮ್ಮ ಇಂಗ್ಲಿಷ್ ಮೇಷ್ಟ್ರು ಶೈ ಬೇರೆ, ಅಶೇಮ್ಡ್ ಬೇರೆ ಎಂದು ಹಲಗೆಯ ಮೇಲೆ ಬರೆದು ತೋರಿಸುತ್ತಿದ್ದರು. ನಮಗೆ ಎರಡಕ್ಕೂ ಒಂದೇ ಮಾತು, ಹಾಗಾಗಿ ವ್ಯತ್ಯಾಸ ತಲೆಗೆ ಹತ್ತಿರಲಿಲ್ಲ. ಪರೀಕ್ಷೆಯಲ್ಲಿ ತಪ್ಪು ಬರೆದ ನೆನಪು. ಈಗ ಬರೆಯಲು ಹೇಳಿದರೆ ಸರಿಯಾಗಿ ಬರೆಯುತ್ತೇನೆ.

ಆ ಇಂಗ್ಲಿಷಿನ ಚೂರುಪಾರಿನಿಂದಲೇ ನನ್ನ ಮಂಪರು ಹರಿದದ್ದು. ಸಾಹಿತ್ಯದ ಹಾದಿಯಲ್ಲಿ ಪರದೇಶದವರು ಬಂದರೆ ನನ್ನನ್ನೇ ಮುಂದೆ ತಳ್ಳುತ್ತಾರಲ್ಲ. ಕಲ್ಲಿನಿಂದ ಕಲ್ಲಿಗೆ ನಡೆದರೆ ನಮ್ಮ ಬರಹಗಾರರ ಸಾವಿರ ವರ್ಷ ಮುಗಿಯುತ್ತದೆ. ಮೊದಲಿಗೆ ಅರಮನೆಯ ಹೆಂಗಸರು. ಗಂಡಸರು ಚೀನೀ ಅಕ್ಷರಗಳಲ್ಲಿ ಗಂಟಲು ಬಿಗಿದುಕೊಂಡು ಬರೆಯುತ್ತಿದ್ದಾಗ ಇವರು ಪರದೆಯ ಹಿಂದೆ ಕೂತು, ಮನೆಮಾತಿನಲ್ಲಿ, ಯಾರು ಯಾರನ್ನು ನೋಡಲು ಬಂದ, ಯಾರು ಬರುತ್ತೇನೆಂದು ಬರಲಿಲ್ಲ ಎಂದು ಬರೆದಿಟ್ಟರು. ಅವರದನ್ನೇ ನಾವು ಇಂದಿಗೂ ಓದುವುದು. ಆಮೇಲೆ ಯುದ್ಧ, ಬೆಂಕಿ, ಬರ ನೋಡಿ ಸಾಕಾಗಿ ಗುಡಿಸಲು ಸೇರಿದ ಸನ್ಯಾಸಿಗಳು. ಹುಲ್ಲಿನ ಚಪ್ಪಲಿ ಸವೆಸುತ್ತ ಊರೂರು ಅಲೆದ ಕವಿಗಳು. ಗೊಂಬೆಯಾಟಕ್ಕೆ ಬರೆದು ಇಡೀ ಪೇಟೆ ಅಳುವಂತೆ ಮಾಡಿದವರು. ಅವರ ಹಿಂದೆ ಮೀಸೆ ಬಿಟ್ಟು, ಪರದೇಶದ ಪುಸ್ತಕ ಓದಿ, ಹೊಟ್ಟೆನೋವಿನಲ್ಲಿ ನರಳುತ್ತ ಕಾದಂಬರಿ ಬರೆದವರು. ಯುದ್ಧ ಸೋತ ಮೇಲೆ ಬೂದಿಯಲ್ಲಿ ಕೂತು ಬರೆದ ಹೆಂಗಸರು. ಅವರ ನಂತರದ ಖಾಲಿ ಜಾಗದಲ್ಲಿ ನಮ್ಮ ಊರಿನ ಕಲ್ಲು.

ಹೋದ ತಿಂಗಳು ಒಬ್ಬ ಮುದುಕ, ಅವನ ಹೆಂಡತಿ ಬಂದಿದ್ದರು. ಮೊದಲ ಕಲ್ಲಿನ ಹತ್ತಿರ ನಾನು ಎಂದಿನ ಪಾಠ ಒಪ್ಪಿಸಿದೆ: ‘ದಿಸ್ ಲೇಡಿ, ಥೌಸಂಡ್ ಇಯರ್ಸ್. ವೆರಿ ಬಿಗ್ ಬುಕ್. ಬಟ್ ನೋ ನೇಮ್.’ ಅಂದರೆ ಆ ಕಾಲದ ಹೆಂಗಸರನ್ನು ಅಪ್ಪನ, ಗಂಡನ ಹುದ್ದೆಯಿಂದ ಕರೆಯುತ್ತಿದ್ದರು, ಸ್ವಂತ ಹೆಸರನ್ನು ಯಾರೂ ಬರೆದಿಡಲಿಲ್ಲ ಎಂದು. ಇಲ್ಲಿ ನಾನು ಯಾವಾಗಲೂ ತಲೆಯಾಡಿಸಿ ಒಂದು ನಿಟ್ಟುಸಿರು ಬಿಡುತ್ತೇನೆ. ಜನಕ್ಕೆ ಅದು ಇಷ್ಟ.

ಆಕೆ ಕೇಳಿದಳು: ‘ನೋ ನೇಮ್? ಹೂ ಟುಕ್ ಇಟ್?’

ಯಾರು ತಗೊಂಡರು ಅಂತ. ಇಷ್ಟು ವರ್ಷದಲ್ಲಿ ಯಾರೂ ಹಾಗೆ ಕೇಳಿರಲಿಲ್ಲ. ನನಗೆ ಬೇರೆ ಮಾತು ಸಿಗದೆ, ‘ಫಾದರ್. ಹಸ್ಬೆಂಡ್’ ಅಂದೆ. ಗಂಡ ಹೆಂಡತಿ ಇಬ್ಬರೂ ನಕ್ಕರು. ಒಳ್ಳೆಯ ಹಾಸ್ಯವೆಂದುಕೊಂಡಿರಬೇಕು. ಉಳಿದ ಕಲ್ಲುಗಳ ಮುಂದೆ ಏನು ಹೇಳಿದೆನೋ ನೆನಪಿಲ್ಲ.

ಮೊನ್ನೆಯ ಕೂಟದಲ್ಲಿ ಚೀಟಿಗಳ ತಟ್ಟೆ ಬರುವ ಮೊದಲೇ ನಾನು ಚಾಪೆಗೆ ಹಣೆ ಮುಟ್ಟಿಸಿ ಹೇಳಿಬಿಟ್ಟೆ. ಕವಿತೆ ನನ್ನದಲ್ಲ, ಮಗಳದು. ಅವಳು ಕಳಿಸಿದ ಚೀಟಿಗೆ ನನ್ನ ಹೆಸರು ಹೇಳಿದೆ.

ಇವಾಸೆಯೇ ಮೊದಲು ಬಾಯಿಬಿಟ್ಟ. ‘ಅಂದ್ರೆ ಆವತ್ತು ನಾನು ಅತ್ತಿದ್ದು ಯಾರ ಲೆಕ್ಕಕ್ರೀ? ಮನೇಲಿ ಹೆಂಡ್ತಿ ಕೈಲಿ ಬೈಸ್ಕೊಂಡೆ. ತೊಕಿತಾ ಅವರು ಹೇಗೆ, ನೀವು ಹೇಗೆ ಅಂತ.’

‘ಸುಮ್ನಿರಪ್ಪ ಇವಾಸೆ’ ಅಂದರು ಕುರಾಮೊಚಿ ಅಮ್ಮನವರು. ನನ್ನ ಕಡೆ ನೋಡಲಿಲ್ಲ. ಡಿಸೆಂಬರಿನ ಹಾಳೆ ತೆಗೆದು ಮುಂದಿಟ್ಟುಕೊಂಡು, ನಿನ್ನ ಕವಿತೆಯನ್ನು ಮತ್ತೆ ಮೊದಲಿನಿಂದ ಓದಿದರು. ಓದಿ, ‘ಹೆಸರು?’ ಅಂದರು.

‘ನಾಹೋ.’

‘ಕೇಳಿಸ್ಲಿಲ್ಲ. ನನ್ನ ಕಿವಿ ಮಂದ ಅಂತ ಗೊತ್ತಲ್ಲ. ಆವತ್ತು ಹೇಳಿದಷ್ಟು ಗಟ್ಟಿಯಾಗಿ ಹೇಳಿ.’

ಹೇಳಿದೆ. ಅವರು ನನ್ನ ಹೆಸರಿನ ಮೇಲೆ ಗೆರೆ ಎಳೆದು ನಿನ್ನದನ್ನು ಬರೆದರು. ಕಲ್ಲುಕುಟಿಗ ಪುಣ್ಯಕ್ಕೆ ಉಳಿ ಮುಟ್ಟಿಸಿರಲಿಲ್ಲ, ಹಿಮ ಕರಗಲಿ ಎಂದು ಕಾದಿದ್ದ. ಹಾದಿಯಲ್ಲಿ ಜನರನ್ನು ಕರೆದೊಯ್ಯುವ ಕೆಲಸ ಬಿಡುತ್ತೇನೆ ಎಂದೆ. ‘ಬೇಡ’ ಅಂದರು. ‘ಆ ಮೊದಲ್ನೇ ಕಲ್ಲಿನ ಹತ್ರ ನಿಂತು ದಿನಾ ಹೇಳಿ. ಆ ನಿಟ್ಟುಸಿರು ಮಾತ್ರ ಬಿಟ್ಬಿಡಿ.’ ಆಮೇಲೆ ಚಹಾ ಬಂತು. ಎಲ್ಲರಿಗೂ ಕೊಟ್ಟಂತೆ ನನಗೂ ಕೊಟ್ಟರು.

ಏಪ್ರಿಲಿನಲ್ಲಿ ಚೆರಿ ಅರಳುವ ಹೊತ್ತಿಗೆ ಕಲ್ಲು ನಿಲ್ಲಿಸುತ್ತಾರೆ. ಕುರಾಮೊಚಿ ಅಮ್ಮನವರು ನಿನಗೆ ಬೇರೆ ಪತ್ರ ಬರೆಯುತ್ತಾರೆ. ಹೆಸರನ್ನು ನಿನ್ನ ಕೈಯಲ್ಲೇ ಬರೆದು ಕಳಿಸಬೇಕಂತೆ. ನೀನು ಬಾ ಎಂದು ಕೇಳುವ ಮುಖ ನನಗಿಲ್ಲ. ಬಂದರೆ ನಾನು ಹಿಂದಿನ ಸಾಲಿನಲ್ಲಿ ನಿಂತಿರುತ್ತೇನೆ. ಬಾರದಿದ್ದರೂ ನೀನೂ ಅಳಿಯಂದಿರೂ ಚೆನ್ನಾಗಿರಿ. ನಿನ್ನ ಕೈಯಿಂದ ಇನ್ನೂ ಬರಲಿ. ನಿನ್ನ ಹೆಸರನ್ನು ನೀನೇ ಹೇಳಿಕೊಳ್ಳುವ ಜಾಗ ನಿನಗೆ ಯಾವಾಗಲೂ ಸಿಗಲಿ ಎಂದು ನಿಮ್ಮಮ್ಮನ ಪಟದ ಮುಂದೆ ದೀಪ ಹಚ್ಚಿ ಬೇಡಿಕೊಂಡಿದ್ದೇನೆ.

ನಿನ್ನ ಅಪ್ಪ,
ತೊಕಿತಾ ಕಿಯೊಹಾರು

ಮರೆತಿದ್ದು: ಮರೆತಿಲ್ಲ, ಬಿಟ್ಟಿದ್ದೆ. ಅಂದು ಕುರಾಮೊಚಿ ಅಮ್ಮನವರು ಕೇಳಿದ ಮಾತು ಇದು: ‘ಸುಮಿಯೆ ಅವರಿದ್ದಾಗಲೇ ಇದನ್ನ ಗಮನಿಸಿದ್ರಾ, ಹೋದಮೇಲೆ ಹೊಳೀತಾ?’ ನಾನು ‘ದಿನಾ ನೋಡ್ತಿದ್ದೆ’ ಅಂದೆ. ಕೂಟದಲ್ಲಿ ಮೊನ್ನೆ ಎಲ್ಲವನ್ನೂ ಒಪ್ಪಿಕೊಂಡವನು ಇದೊಂದನ್ನು ಒಪ್ಪಿಕೊಳ್ಳಲಿಲ್ಲ. ನಾನು ನೋಡಿರಲಿಲ್ಲ, ನಾಹೋ. ನಿನ್ನ ಚೀಟಿ ಬಂದಾಗ ಅಳಿಯಂದಿರ ಕೋಟು ಎಂದುಕೊಂಡಿದ್ದೆ. ಅದು ನನ್ನದೆಂದು ತಿಳಿದದ್ದು ಇವಾಸೆ ಬಾಯಿಬಿಟ್ಟಾಗ. ತೋಫು ಮಾರುವವನು ಕಂಡಿದ್ದ, ಸಣ್ಣ ಹುಡುಗಿ ನೀನು ಕಂಡಿದ್ದೆ. ನಾನು ಕಚೇರಿಯಲ್ಲಿ ಎಲ್ಲರಿಗೂ ಹೇಳುತ್ತಿದ್ದೆ, ನಮ್ಮ ಮನೆಯ ಬಾಗಿಲು ಪೂರ್ವಕ್ಕಿದೆ, ಅಲ್ಲಿ ತೂಗುಹಾಕಿದ ಕೋಟು ಬೆಳಿಗ್ಗೆ ಬೆಚ್ಚಗಿರುತ್ತದೆ ಎಂದು. ಅವಳು ತೀರಿಕೊಂಡ ಚಳಿಗಾಲದಲ್ಲಿ ಅದನ್ನು ತೊಟ್ಟ ಕೂಡಲೇ ಮೈ ನಡುಗತೊಡಗಿತು. ವಯಸ್ಸಾಯಿತೆಂದು ಡಾಕ್ಟರ ಹತ್ತಿರ ಹೋಗಿ ರಕ್ತ ಪರೀಕ್ಷೆ ಮಾಡಿಸಿಕೊಂಡು ಬಂದೆ. ಏನೂ ತೊಂದರೆ ಇಲ್ಲ ಅಂದರು.