ಗುಂಜಿಯ ಕಲ್ಲು ಹೇಳಿದ್ದು

೧೫ ಜನವರಿ ೧೯೭೮, ರವಿವಾರ. ಬೆಳಗಾವಿ

ಪಕ್ಷದ ಟಿಕೀಟು ಇವತ್ತು ಕೈತಪ್ಪಿತು. ಆದರೂ ಖುಷಿಗೆ ನಿದ್ದೆ ಬರುತ್ತಿಲ್ಲ.

ಗಡಿಯ ಗುಂಜಿ ಊರಲ್ಲಿ ನನ್ನ ಮೊದಲ ಚುನಾವಣಾ ಭಾಷಣ. ಪಕ್ಷದ ಗುರುಪಾದಪ್ಪನವರು ಜೀಪಿನಲ್ಲೇ ಪಾಠ ಮಾಡಿದರು: "ಟೀಚರ್ ಬಾಯಾರ, ನೀವು ಇತಿಹಾಸ ಕಲಿಸಾವರು. ಊರಾಗ ಹಳೇ ಶಾಸನ ಐತಿ. ಅದನ್ನ ಓದಿ, ಇದು ನಮ್ಮ ಕನ್ನಡದ ನೆಲಾ ಅಂತ ಗುಡುಗಿಬಿಡ್ರಿ. ಅರ್ಧಾ ಊರು ನಮ್ದ." ಮರಾಠಿ ಮಾತಾಡುವ ಉಳಿದರ್ಧದ ಲೆಕ್ಕ ಅವರು ಹೇಳಲಿಲ್ಲ.

ಅಕ್ಷರ ಎದ್ದು ಕಾಣಲೆಂದು ಕಲ್ಲಿಗೆ ಅಕ್ಕಿ ಹಿಟ್ಟು ಸವರಿದೆ. ಆ ಕಲ್ಲನ್ನೇ ದೇವಿಯೆಂದು ಪೂಜಿಸುವ ಮಾಯಕ್ಕ ಎಂಬ ಮುದುಕಿ, "ನಮ್ಮ ದೇವಿ ಮ್ಯಾಲ ರೊಟ್ಟಿ ಬಡೀತೀರೇನ್ರೀ?" ಎಂದಳು. ಎಲ್ಲರೂ ನಕ್ಕರು, ಗುಂಪು ದೊಡ್ಡದಾಯಿತು.

ಭಾಷೆ ಕನ್ನಡವೇ. ಆದರೆ ಅದರಲ್ಲಿ ರಾಜನಿಲ್ಲ, ಯುದ್ಧವಿಲ್ಲ. ಒಬ್ಬ ಹೆಂಗಸು ಊರ ಕೆರೆಯ ಹೂಳು ತೆಗೆಸಲು ತನ್ನ ಗದ್ದೆ ಕೊಟ್ಟಿದ್ದಾಳೆ, ಅಷ್ಟೇ. ಇದ್ದದ್ದನ್ನೇ ಕನ್ನಡದಲ್ಲಿ ಹೇಳಿ, ಮತ್ತೆ ಮರಾಠಿಯಲ್ಲೂ ಹೇಳಿದೆ. ಗುರುಪಾದಪ್ಪ ಹಣೆ ಹಿಡಿದುಕೊಂಡರು.

"ಆ ಕೆರಿ ಮತ್ತ ಹೂಳು ತುಂಬೇತಿ. ನೀವು ತಗಸ್ತೀರೇನು?" ಎಂದಳು ಮಾಯಕ್ಕ.

"ಗೆದ್ದರ ತಗಸ್ತೀನಿ. ಸೋತರ ನಿಮ್ಮ ಜೋಡಿ ಬುಟ್ಟಿ ಹೊರತೀನಿ."

ಎರಡೂ ಭಾಷೆಯವರು ಒಟ್ಟಿಗೇ ಚಪ್ಪಾಳೆ ಹೊಡೆದರು!

ವಾಪಸು ಬರುವಾಗ ಗುರುಪಾದಪ್ಪ, "ಟಿಕೀಟು ಬ್ಯಾರೇದವರಿಗೆ ಹೋತು ಅಂತ ತಿಳೀರಿ" ಎಂದರು. ನಾನು ಬೀಡಿ ಎಂಬ ಊರಿನ ಕಿರಾಣಿ ಅಂಗಡಿಯಲ್ಲಿ ಲೆಕ್ಕ ಕಲಿತು ಬೆಳೆದವಳು. ಒಂದು ಟಿಕೀಟು ಹೋಗಿ ಒಂದು ಊರು ಬಂದರೆ ಅದಕ್ಕೆ ನಷ್ಟ ಎನ್ನುವುದಿಲ್ಲ.

"ಹೋಗ್ಲಿ ಬಿಡ್ರಿ. ನಾಳೆ ಪಕ್ಷೇತರ ಅಂತ ಅರ್ಜಿ ಹಾಕ್ತೀನಿ" ಎಂದೆ. ಡ್ರೈವರ್ ಜೀಪನ್ನೇ ನಿಲ್ಲಿಸಿಬಿಟ್ಟ. ಮುಂಜಾನೆ ಖಾನಾಪುರದ ಮೊದಲ ಬಸ್ಸು ಹಿಡಿಯಬೇಕು, ಈಗಲಾದರೂ ದೀಪ ಆರಿಸಿ ಮಲಗುತ್ತೇನೆ.